ಕುಂಕುಮ ಬೀಳದ ಮಣ್ಣು

ಹೋದ ತಿಂಗಳು ನನ್ನ ಹಳೇ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಪಾಂಡವಪುರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕೆಲಸ ಹೇಗಿರುತ್ತೆ ಮೇಡಂ, ನೀವು ಸ್ವಲ್ಪ ಹೇಳಿದರೆ ಅನುಕೂಲ ಎಂದರು. ಕಾಫಿ ಕೊಟ್ಟು, ಕಾಲಿಗೆ ಏನು ಹಾಕಿಕೊಂಡು ಬಂದಿದ್ದಾರೆ ಎಂದು ಬಾಗಿಲ ಕಡೆ ನೋಡಿದೆ. ಎರಡು ಜೊತೆ ತೆಳ್ಳನೆಯ ಚಪ್ಪಲಿ. ಮೊದಲು ಒಳ್ಳೇ ಬೂಟು ತಗೊಳ್ಳಿ, ಮಿಕ್ಕಿದ್ದು ಆಮೇಲೆ ಎಂದೆ. ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಒಡೆದ ಗಾಜು, ತಗಡು, ತುಕ್ಕು ಹಿಡಿದ ಮೊಳೆ, ಹೆಸರೇ ಗೊತ್ತಿಲ್ಲದ ಹಸಿರು ನೀರು, ಇವುಗಳ ಮೇಲೆ ನಡೆದೇ ನನ್ನ ಸರ್ವಿಸ್ ಮುಗಿದದ್ದು. ಅವರು ಹೋದ ಮೇಲೆ, ಬಾಯಲ್ಲಿ ಹೇಳಿದರೆ ಸಾಲದು, ಬರೆದೇ ಕೊಡೋಣ ಅನ್ನಿಸಿತು. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ಬೇಕಾದವರು ನಮ್ಮ ಮನೆ ಷೋಕೇಸ್ ನೋಡಿಕೊಂಡು ಹೋಗಬಹುದು.

ನನ್ನ ಕೆಲಸ ಮಣ್ಣು ಪರೀಕ್ಷೆ. ಹಾಗೆಂದ ತಕ್ಷಣ ಜನ ನಮ್ಮ ಗದ್ದೆಗೆ ಯಾವ ಗೊಬ್ಬರ ಹಾಕಲಿ ಎಂದು ಕೇಳುತ್ತಾರೆ. ಆ ಮಣ್ಣಲ್ಲ. ಕಾರ್ಖಾನೆ ಮುಚ್ಚಿ, ಮಾಲೀಕರು ಬೀಗ ಹಾಕಿಕೊಂಡು ಹೋದ ಮೇಲೆ ಹಿಂದೆ ಉಳಿಯುತ್ತದಲ್ಲ, ಆ ಮಣ್ಣು. ಅದರಲ್ಲಿ ಏನು ಸೇರಿದೆ, ಅಲ್ಲಿ ಜನ ಓಡಾಡಬಹುದೇ, ಮನೆ ಕಟ್ಟಬಹುದೇ ಎಂದು ನೋಡಿ ಹೇಳುವುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ. ಜೀಪು ಇತ್ತು ಎಂದು ಕಾಗದದಲ್ಲಿ ಇತ್ತು. ನಾನು ಓಡಾಡಿದ್ದು ಬಸ್ಸಿನಲ್ಲಿ, ಮಣ್ಣಿನ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು. ಅದಕ್ಕೂ ಲಗೇಜು ಟಿಕೆಟು ಹರಿಯಬೇಕು ಎಂದು ಜಗಳ ತೆಗೆದ ಕಂಡಕ್ಟರುಗಳಿಗೆ ಲೆಕ್ಕವಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮಪ್ಪ ನಾಗಮಂಗಲದಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದರು. ಅಂಗಡಿ ಗುಡಿಸಿದ ಕಸವನ್ನು ಬೀದಿಗೆ ಎಸೆಯುವಂತಿರಲಿಲ್ಲ, ಡಬ್ಬಕ್ಕೆ ತುಂಬಿಡಬೇಕಿತ್ತು. ಆಗಾಗ ಜಾಲಗಾರ ಬಂದು ಆ ಕಸವನ್ನೂ ಅಂಗಡಿ ಮುಂದಿನ ಚರಂಡಿ ಮಣ್ಣನ್ನೂ ಹೊತ್ತುಕೊಂಡು ಹೋಗಿ, ನೀರಿನಲ್ಲಿ ಜಾಲಿಸಿ ಜಾಲಿಸಿ, ತಳದಲ್ಲಿ ಉಳಿದ ಚಿನ್ನದ ಕಣ ತೆಗೆಯುತ್ತಿದ್ದ. ಕಣ್ಣಿಗೆ ಕಾಣದ್ದು ಮಣ್ಣಿನಲ್ಲಿ ಇರುತ್ತದೆ ಎಂಬುದನ್ನು ನಾನು ಕಲಿತದ್ದು ಆ ಜಗಲಿಯ ಮೇಲೆ. ಅವನು ಚಿನ್ನ ಹುಡುಕುತ್ತಿದ್ದ. ನನಗೆ ಸಿಕ್ಕಿದ್ದೆಲ್ಲ ಸೀಸ, ಕ್ರೋಮಿಯಂ ಇಂಥವೇ.

ಸೇರಿದ ಹೊಸತರಲ್ಲಿ ನಮ್ಮ ಹತ್ತಿರ ಸಾಮಾನು ಅಂತ ಇದ್ದದ್ದು ಒಂದು ಗುದ್ದಲಿ, ಒಂದು ಕರಣೆ. ಮಣ್ಣು ತುಂಬುವುದಕ್ಕೆ ಚೀಲ ಕೇಳಿದರೆ ಸ್ಟೋರಿನವರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಆಗ ನಮ್ಮ ಸಿಬ್ಬಂದಿಯೊಬ್ಬರು ಶ್ರೀರಂಗಪಟ್ಟಣದ ಸ್ವೀಟ್ ಅಂಗಡಿಯಿಂದ ಖಾಲಿ ಡಬ್ಬಗಳನ್ನು ತಂದು, ಒರೆಸಿ, ಅದರಲ್ಲೇ ಮಣ್ಣು ತುಂಬಿ ಕಳಿಸಿದರು. ಪ್ರಯೋಗಶಾಲೆಯಿಂದ ಪತ್ರ ಬಂತು: ಈ ಮಣ್ಣಿನಲ್ಲಿ ಕೊಬ್ಬಿನ ಅಂಶ ವಿಪರೀತ ಇದೆ, ಅಲ್ಲಿ ಹಿಂದೆ ಯಾವ ಕಾರ್ಖಾನೆ ಇತ್ತು ತಿಳಿಸಿ. ಮೈಸೂರು ಪಾಕಿನ ಕಾರ್ಖಾನೆ ಎಂದು ಬರೆಯಲಿಕ್ಕಾಗುತ್ತದೆಯೇ? ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ಆದರೆ ಆ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಮಣ್ಣು ತೆಗೆಯುವುದಕ್ಕಿಂತ ಅದಕ್ಕೆ ಬೇರೇನೂ ಸೋಕದ ಹಾಗೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲಾಮೇಲೆ ಎಲ್ಲ ಬಂತು. ನೆಲ ಕೊರೆಯುವ ಉದ್ದನೆಯ ಬೈರಿಗೆ ಬಂತು, ಮೊಹರು ಹಾಕುವ ಚೀಲ ಬಂತು. ಕೊನೆಯಲ್ಲಿ ಒಂದು ಗನ್ನು ಬಂತು. ಮಣ್ಣಿಗೆ ಮೂತಿ ಇಟ್ಟು ಒತ್ತಿದರೆ ಅದರಲ್ಲಿರುವ ಲೋಹ ಇಷ್ಟು ಎಂದು ಆಗಲೇ ತೋರಿಸುತ್ತದೆ. ಮೇಲ್ಮೈ ಮಣ್ಣಿನ ಅಂದಾಜಿಗೆ ಸಾಕು, ಆಳದ ಮಣ್ಣಿಗೂ ವರದಿಗೂ ಪ್ರಯೋಗಶಾಲೆಯೇ ಆಗಬೇಕು. ಅದು ಬಂದದ್ದು ಕೊರೊನಾ ಮುಗಿದ ಹೊಸತರಲ್ಲಿ. ನಾನು ಅದನ್ನು ಚೀಲದಿಂದ ತೆಗೆದರೆ ಸಾಕು, ಜನ ಸಾಲಾಗಿ ಬಂದು ಹಣೆ ಒಡ್ಡಿಕೊಂಡು ನಿಲ್ಲುತ್ತಿದ್ದರು. ಇದು ಜ್ವರ ನೋಡುವುದಲ್ಲ, ಆಚೆ ಹೋಗಿ ಎಂದು ಗದರಿಸಿ ಗದರಿಸಿ ನನ್ನ ಗಂಟಲು ಒಣಗುತ್ತಿತ್ತು.

ಸಾಮಾನು ಬಂದರೂ ಹಣ ಬರುತ್ತಿರಲಿಲ್ಲ. ಸರ್ಕಾರದಲ್ಲಿ ಕಟ್ಟುವುದಕ್ಕೆ ಹಣವಿದೆ, ಒಡೆಯುವುದಕ್ಕೂ ಹಣವಿದೆ. ನೋಡುವುದಕ್ಕೆ ಮಾತ್ರ ಇಲ್ಲ. ಯಾಕೆಂದರೆ ನೋಡಿದ್ದಕ್ಕೆ ಕಲ್ಲು ನೆಡುವ ಹಾಗಿಲ್ಲ, ಟೇಪು ಕತ್ತರಿಸುವ ಹಾಗಿಲ್ಲ. ಎಷ್ಟೋ ಮುಚ್ಚಿದ ಷೆಡ್ಡುಗಳ ಮೇಲೆ ನಮ್ಮ ಕಣ್ಣೆದುರೇ ಅಂಗಡಿ, ಸಂತೆ, ಆಟದ ಬಯಲು ಆದವು. ಕೊನೆಗೆ ಒಂದು ಯೋಜನೆ ಬಂತು. ಪಟ್ಟಣದೊಳಗೆ ಹಳೇ ಕೈಗಾರಿಕೆಯ ಜಾಗ ಇದ್ದರೆ, ಅದನ್ನು ಸಾರ್ವಜನಿಕರಿಗೆ ಕೊಡುವ ಮೊದಲು ಪರೀಕ್ಷೆ ಮಾಡಿಸಲು ಸರ್ಕಾರವೇ ಹಣ ಕೊಡುತ್ತದೆ. ಎರಡು ಷರತ್ತು. ಊರಿನ ಪುರಸಭೆಯೇ ಅರ್ಜಿ ಹಾಕಬೇಕು. ಒಂದು ಜಾಗಕ್ಕೆ ಒಂದೇ ಸಲ ಮಂಜೂರು.

ಆ ಯೋಜನೆಯಲ್ಲಿ ನಾನು ಹಿಡಿದ ಮೊದಲ ಜಾಗದ ಕಥೆಯೇ ಈ ಬರಹ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಇವತ್ತೂ ಜನ ಸೈಟು ಮಾರುತ್ತಿದ್ದಾರೆ. ಊರ ನಡುವೆ ಒಂದು ಕಾಂಪೌಂಡು. ಹಿಂದೆ ಅಲ್ಲಿ ಹಳೇ ಬ್ಯಾಟರಿ ಒಡೆದು, ಅದರೊಳಗಿನ ಸೀಸ ಕರಗಿಸುತ್ತಿದ್ದರು. ಅದು ಮುಚ್ಚಿ ಎಷ್ಟೋ ಕಾಲವಾಗಿತ್ತು, ಆದರೂ ಜನರ ಬಾಯಲ್ಲಿ ಅದು ಬ್ಯಾಟರಿ ಕಾಂಪೌಂಡೇ. ಪುರಸಭೆಯವರು ಅಲ್ಲಿ ಪೌರಕಾರ್ಮಿಕರಿಗೆ ಮನೆ ಕಟ್ಟಿಸಲು ಹೊರಟಿದ್ದರು. ಸೈಟು ಅಳೆದು, ಸುಣ್ಣದ ಗೆರೆ ಎಳೆದು, ಹಕ್ಕುಪತ್ರವನ್ನೂ ಹಂಚಿಬಿಟ್ಟಿದ್ದರು. ಪರೀಕ್ಷೆ ಆಗದಿದ್ದರೆ ಕಟ್ಟಡದ ಹಣ ಬಿಡುಗಡೆಯಾಗುವುದಿಲ್ಲ ಎಂದು ಮೇಲಿನಿಂದ ಬಂದ ಮೇಲೆಯೇ ಅವರು ಅರ್ಜಿ ಹಾಕಿದ್ದು.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಒಬ್ಬ ಹೆಂಗಸು ಸುಣ್ಣದ ಗೆರೆಯೊಳಗೆ ಕುಕ್ಕರುಗಾಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಹೆಸರು ಮಾದಮ್ಮ. ಬಸ್ ಸ್ಟ್ಯಾಂಡ್ ರಸ್ತೆ ಗುಡಿಸುವವಳು. ಗುಡಿಸಿ ಮುಗಿಸಿದ ಮೇಲೆ ದಿನಾ ಬಂದು ತನ್ನ ಸೈಟಿನಲ್ಲಿ ಸ್ವಲ್ಪ ಹೊತ್ತು ಕೂತು ಹೋಗುವುದು ಅವಳ ಪದ್ಧತಿ. ನನ್ನನ್ನು ಕೈಹಿಡಿದು ಒಳಗೆ ಕರೆದಳು. ಒಳಗೆ ಎಂದರೆ ಗೆರೆಯೊಳಗೆ. ಇಲ್ಲಿ ಒಲೆ, ಇಲ್ಲಿ ದೇವರ ಗೂಡು, ಇಲ್ಲಿ ಮಗಳು ಬಂದರೆ ಮಲಗುವ ಜಾಗ ಎಂದು ತೋರಿಸಿದಳು. ಬಾಗಿಲು ಎಲ್ಲಿ ಬರುತ್ತದೋ ಅಲ್ಲಿಂದಲೇ ಹೋಗಬೇಕು, ಗೋಡೆ ದಾಟಬೇಡಿ ಎಂದು ನನ್ನನ್ನು ಸುತ್ತಿಸಿಕೊಂಡು ಆಚೆ ಕಳಿಸಿದಳು. ಹುಟ್ಟಿದಾಗಿನಿಂದ ಬಾಡಿಗೆ ಕೋಣೆಯಲ್ಲೇ ಬದುಕಿದವಳ ಸಂಭ್ರಮ ಅದು. ನನಗೆ ಖುಷಿಯೂ ಆಯಿತು, ಒಳಗೊಳಗೇ ಭಯವೂ ಆಯಿತು. ಅವಳು ತೋರಿಸಿದ ಒಲೆಯ ಜಾಗದ ಹತ್ತಿರವೇ ಹಿಂದೆ ಕಾರ್ಖಾನೆಯ ಕುಲುಮೆ ಇದ್ದದ್ದು. ಸೀಸ ಮೈಗೆ ಸೇರಿದರೆ ಮಕ್ಕಳ ಮಿದುಳಿಗೇ ಪೆಟ್ಟು, ಹೊಟ್ಟೆಯೊಳಗಿನ ಕೂಸನ್ನೂ ಅದು ಬಿಡುವುದಿಲ್ಲ.

ಮಣ್ಣು ತೆಗೆಯುವ ದಿನ ಹೋಗಿ ನೋಡುತ್ತೇನೆ, ಶಾಮಿಯಾನ ಹಾಕಿದ್ದಾರೆ! ಮೈಕು, ಕುರ್ಚಿ, ಬಾಳೆಕಂದು. ಮಣ್ಣು ಪರೀಕ್ಷೆಗೆ ಗುದ್ದಲಿ ಪೂಜೆ. ಸರ್ಕಾರದ ಹಣ ಬಂದಿದೆ ಎಂದರೆ ಪೂಜೆಯಾಗಬೇಕು, ಪೂಜೆಯಾದರೆ ಫೋಟೋ ಬರಬೇಕು, ಇದು ಪುರಸಭೆ ಅಧ್ಯಕ್ಷರ ಲೆಕ್ಕಾಚಾರ. ನಾಲ್ಕು ಮೂಲೆ ಮತ್ತು ನಡುಮಧ್ಯೆ ನಾವು ಗುರುತು ಮಾಡಿದ್ದ ಜಾಗಗಳಲ್ಲೇ ಗುಂಡಿ ತೋಡಿ, ಪುರೋಹಿತರು ಹಾಲು, ಅರಿಸಿನ, ಕುಂಕುಮ ಜೋಡಿಸಿಕೊಂಡು ಕೂತಿದ್ದರು. ಮಣ್ಣಿಗೆ ಏನನ್ನೂ ಸೋಕಿಸಬಾರದು ಎಂದು ನಾನು ಹೇಳಿದೆ. ನಮ್ಮ ಸಾಹೇಬರು ಪಕ್ಕದಲ್ಲೇ ಇದ್ದರು. ಒಳ್ಳೆಯ ಮನುಷ್ಯ, ಆದರೆ ಯಾರಿಗೂ ಇಲ್ಲ ಎನ್ನಲಾರದವರು. ಹೋಗಲಿ ಬಿಡಿ ಮೇಡಂ, ದೇವರ ಕೆಲಸ, ಮೇಲಿನದನ್ನು ಕೆರೆದು ಹಾಕಿದರಾಯಿತು ಎಂದರು. ಪೂಜೆ ಆಯಿತು. ಸೈಟು ಸಿಕ್ಕ ಹೆಂಗಸರೆಲ್ಲ ಬಂದು ಒಬ್ಬೊಬ್ಬರೂ ಗುಂಡಿಗೆ ಕುಂಕುಮ ಹಾಕಿ ಕೈಮುಗಿದರು. ಮಾದಮ್ಮ ಚಿಟಿಕೆಯಲ್ಲಿ ಹಾಕಲಿಲ್ಲ, ಬೊಗಸೆಯಲ್ಲೇ ಸುರಿದಳು. ಜಾಗ ನಮ್ಮ ಕೈ ಬಿಡದಿರಲಿ ಎಂದು ಅವಳ ಬಾಯಿ ಮಣಮಣ ಎನ್ನುತ್ತಿತ್ತು. ಅದರ ಮೇಲೆ ಹಾಲು ಬಿತ್ತು, ಎಲ್ಲವೂ ಮಣ್ಣೊಳಗೆ ಇಳಿಯಿತು. ನಾವು ಮೇಲಿನದನ್ನು ಕೆರೆದು, ಅದೇ ಗುಂಡಿಗಳ ಮಣ್ಣನ್ನು ಪ್ರಯೋಗಶಾಲೆಗೆ ಕಳಿಸಿದೆವು.

ಫಲಿತಾಂಶ ಬಂತು. ಎಲ್ಲ ಕಡೆಯೂ ಸೀಸ ಜಾಸ್ತಿ. ಕಟ್ಟಡ ನಿಲ್ಲಿಸಿ ಎಂದು ಪತ್ರ ಹೋಯಿತು. ಅಧ್ಯಕ್ಷರು ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದರು. ಅದು ಮಾಮೂಲು, ಅದಕ್ಕೆ ನಾನು ಹೆದರುವವಳಲ್ಲ. ಮಾದಮ್ಮ ಮಾತ್ರ ಕಾಂಪೌಂಡಿನ ಗೇಟಿನ ಹತ್ತಿರ ನನಗಾಗಿ ಕಾದಿದ್ದಳು. ಕೂಗಾಡಲಿಲ್ಲ. ಮೆಲ್ಲಗೆ ಕೇಳಿದಳು:

“ಮೇಡಮ್ಮೋರೆ, ನಿಮ್ಗೆ ಸ್ವಂತ ಮನೆ ಅದಾ?”

ಇದೆ ಎಂದೆ.

“ಅಂಗಾರೆ ಬುಡಿ. ನಿಮ್ಗೆ ಯೋಳೀ ಏನ್ ಪ್ರಯೋಜ್ನ.”

ಪೊರಕೆ ಎತ್ತಿಕೊಂಡು ಹೊರಟುಹೋದಳು. ನನ್ನ ಕೆಲಸದಲ್ಲಿ ಬೈಗುಳ ಬೇಕಾದಷ್ಟು ತಿಂದಿದ್ದೇನೆ. ಈ ಮಾತು ಮಾತ್ರ ಎಷ್ಟೋ ದಿನ ಊಟಕ್ಕೆ ಕೂತಾಗ ನೆನಪಾಗುತ್ತಿತ್ತು.

ಅಷ್ಟರಲ್ಲಿ ಪ್ರಯೋಗಶಾಲೆಯಿಂದ ಒಬ್ಬ ಯುವ ರಸಾಯನಶಾಸ್ತ್ರಜ್ಞೆ ಫೋನು ಮಾಡಿದಳು. ಮೇಡಂ, ಒಂದು ವಿಚಿತ್ರ ಇದೆ, ಕುಲುಮೆ ಇದ್ದ ಕಡೆಯೂ ಗೇಟಿನ ಕಡೆಯೂ ಸೀಸ ಹೆಚ್ಚುಕಡಿಮೆ ಒಂದೇ ಸಮ ಇದೆ, ಹೀಗಿರಬಾರದಲ್ಲ ಎಂದಳು. ಮಣ್ಣು ಸ್ವಲ್ಪ ಕೆಂಪಗೂ ಇದೆ ಎಂದು ಸೇರಿಸಿದಳು. ನಾನು ಫೋನಿಟ್ಟು ಸೀದಾ ಆ ಊರಿನ ಬಸ್ ಹತ್ತಿದೆ. ಪೂಜೆಗೆ ಸಾಮಾನು ತಂದಿದ್ದ ಅಂಗಡಿ ಹುಡುಕಿ ಅದೇ ಕುಂಕುಮದ ಪೊಟ್ಟಣ ಕೊಂಡೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲಿಟ್ಟು ಗನ್ನು ಒತ್ತಿದೆ. ಅಂಕಿ ನೋಡಿ ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮನೆಯಲ್ಲಿ ಅರಿಸಿನದಿಂದ ಮಾಡಿದ ಕುಂಕುಮವಲ್ಲ ಅದು. ಬಣ್ಣ ಕಡುಕೆಂಪಾಗಿ ಕಾಣಲೆಂದು ಸೀಸದ ಪುಡಿ ಬೆರೆಸಿದ ಅಗ್ಗದ ಮಾಲು. ನಾವು ನೆಲವನ್ನು ಪರೀಕ್ಷೆ ಮಾಡಿರಲಿಲ್ಲ, ಕುಂಕುಮವನ್ನು ಪರೀಕ್ಷೆ ಮಾಡಿದ್ದೆವು.

ಮಾರನೆಯ ದಿನವೇ ನಮ್ಮ ವರದಿ ನಂಬುವಂಥದ್ದಲ್ಲ ಎಂದು ನಾನೇ ಬರೆದುಕೊಟ್ಟೆ. ಅಧ್ಯಕ್ಷರಿಗೆ ಹಬ್ಬವಾಯಿತು. ನೋಡಿದ್ರಾ, ವಿಷವೂ ಇಲ್ಲ ಏನೂ ಇಲ್ಲ, ಬರೀ ಕುಂಕುಮ ಎಂದು ಊರೆಲ್ಲ ಹೇಳಿಕೊಂಡು ಬಂದರು. ಸಾಹೇಬರು ನನ್ನನ್ನು ಕರೆಸಿ, ಮಾಲಿನ್ಯ ಕಂಡುಬಂದಿಲ್ಲ ಎಂದು ಒಂದು ಸಾಲು ಬರೆದು ಮುಗಿಸಿಬಿಡಿ ಎಂದರು. ಯೋಜನೆಯ ಹಣ ಒಂದೇ ಸಲ, ಅದು ಆಗಿಹೋಯಿತು, ಬಡವರ ಮನೆ ಯಾಕೆ ತಪ್ಪಿಸುತ್ತೀರಿ ಎಂದೂ ಕೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು.

“ಗೊತ್ತಿಲ್ಲ ಅಂತ ಬರೀತೀನಿ ಸಾರ್. ಇಲ್ಲ ಅಂತ ಬರೆಯಲ್ಲ,” ಎಂದೆ.

ಹೊಸಬರೇ, ಈ ಬರಹದಲ್ಲಿ ಮಿಕ್ಕಿದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಗೊತ್ತಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಗೊತ್ತಿಲ್ಲ ಎಂದರೆ ನಿಮ್ಮನ್ನು ದಡ್ಡರು ಎನ್ನುತ್ತಾರೆ, ಅಡ್ಡಗಾಲು ಎನ್ನುತ್ತಾರೆ. ಅನ್ನಿಸಿಕೊಳ್ಳಿ. ಸಂಬಳ ಕೊಡುವುದು ಅದಕ್ಕೂ ಸೇರಿಸಿಯೇ.

ಆಮೇಲೆ ಶುರುವಾಯಿತು ನನ್ನ ಬೆಂಗಳೂರು ಯಾತ್ರೆ. ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತುವುದು, ಯೋಜನೆಯ ಕಚೇರಿ ಮುಂದೆ ಕೂರುವುದು, ಸಂಜೆ ವಾಪಸ್ಸು. ಮೊದಮೊದಲು ಅಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ರಜೆ ಹಾಕಿ ಹೋದೆ, ರಜೆ ಮುಗಿದ ಮೇಲೆ ಸಂಬಳವಿಲ್ಲದ ರಜೆ ಹಾಕಿ ಹೋದೆ. ಅಲ್ಲಿನ ಜವಾನ ನನ್ನನ್ನು ನೋಡಿದರೆ ತಾನಾಗಿಯೇ ಕುರ್ಚಿ ಎಳೆದು ಹಾಕುವಷ್ಟು ಪರಿಚಯವಾಯಿತು. ಕೊನೆಗೆ ಅಧಿಕಾರಿಣಿಯೊಬ್ಬರು ಕೂರಿಸಿಕೊಂಡು ಎಲ್ಲ ಕೇಳಿದರು. ಕುಂಕುಮದ ಭಾಗ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ಎರಡನೇ ಸಲ ಮಂಜೂರು ಮಾಡುವುದಕ್ಕೆ ಬರುವುದಿಲ್ಲ, ಆದರೆ ಮೊದಲಿನ ಹಣದಲ್ಲಿ ಉಳಿದದ್ದು ಇದೆ ಎಂದರು. ಪುರಸಭೆ ಕೇಳಲಿ, ಇಲ್ಲವೇ ಆ ಜಾಗದ ಹಕ್ಕುಪತ್ರ ಪಡೆದವರು ಒಟ್ಟಾಗಿ ಕೇಳಲಿ, ನಾನು ಬಿಡುಗಡೆ ಮಾಡುತ್ತೇನೆ ಎಂದು ಮಾತು ಕೊಟ್ಟರು.

ಪುರಸಭೆ ಕೇಳುವ ಮಾತೇ ಇರಲಿಲ್ಲ. ಗುತ್ತಿಗೆದಾರ ಆಗಲೇ ಜಲ್ಲಿ ತಂದು ಸುರಿದಿದ್ದ. ಉಳಿದದ್ದು ಹಕ್ಕುಪತ್ರದವರು. ಅಂದರೆ ನಾನು ಹೋಗಿ, ನಿಮ್ಮ ಮನೆ ತಪ್ಪಿಹೋಗಬಹುದಾದ ಪರೀಕ್ಷೆಯನ್ನು ನೀವೇ ಕೇಳಿಕೊಳ್ಳಿ ಎಂದು ಹೇಳಬೇಕು. ಅವರ ಬೀದಿಗೆ ಹೋದರೆ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಕುಂಕುಮದವರು ಬಂದವ್ರೆ ಎಂದು ಒಬ್ಬ ಗಂಡಸು ಒಳಗಿನಿಂದಲೇ ಗೇಲಿ ಮಾಡಿದ. ಮಾದಮ್ಮನ ಬಾಗಿಲು ತೆರೆದಿತ್ತು. ಅದಕ್ಕೆ ಬಾಗಿಲೇ ಸರಿಯಾಗಿರಲಿಲ್ಲ ಎಂಬುದು ಬೇರೆ ವಿಷಯ.

ಒಂದೇ ಕೋಣೆ. ಬಾಣಂತನಕ್ಕೆಂದು ಕೆ.ಆರ್.ಪೇಟೆ ಕಡೆಯಿಂದ ಬಂದಿದ್ದ ಮಗಳು ಸವಿತ ಗೋಡೆಗೊರಗಿ ಕೂತಿದ್ದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಮಾದಮ್ಮ ಮುಖ ತಿರುಗಿಸಿಕೊಂಡೇ ನನಗೆ ಟೀ ಕೊಟ್ಟಳು. ನಾನು ಏನೇನೋ ಹೇಳುತ್ತಿದ್ದೆ, ಅವಳು ಕೇಳುತ್ತಲೂ ಇರಲಿಲ್ಲ. ಮಾತು ಸಾಗದೆ ನಾನು ದೇವರ ಗೂಡಿನ ಕಡೆ ನೋಡಿದೆ. ಪಟಗಳ ಮುಂದೆ ಒಂದು ಕೆಂಪು ಬಟ್ಟೆಯ ಗಂಟು ಇತ್ತು. ಅದೇನು ಎಂದು ಕೇಳಿದೆ. ಹಕ್ಕುಪತ್ರ ಕೊಟ್ಟ ದಿನ ಮಾದಮ್ಮ ತನ್ನ ಸೈಟಿನಿಂದ ಹಿಡಿ ಮಣ್ಣು ತಂದು, ಬಟ್ಟೆಯಲ್ಲಿ ಕಟ್ಟಿ, ಅಲ್ಲಿಟ್ಟು ಪೂಜೆ ಮಾಡುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಗಂಟನ್ನು ಎತ್ತಿಕೊಂಡು, ಅಂಗೈಯಲ್ಲಿ ತೂಗಿ, ಹುಬ್ಬು ಗಂಟಿಕ್ಕಿದಳು. ಗಂಟು ಕರಗಿತ್ತು. ಸವಿತ ತಲೆ ತಗ್ಗಿಸಿದಳು.

ನಮ್ಮ ಕಡೆ ಇದು ಹೊಸದಲ್ಲ. ಬಸುರಿನಲ್ಲಿ ಮಣ್ಣಿನ ಬಯಕೆ. ಗೋಡೆಯ ಮಣ್ಣು, ಒಲೆಯ ಮಣ್ಣು, ಇಟ್ಟಿಗೆ ಚೂರು, ಯಾರೂ ನೋಡದಾಗ ಬಾಯಿಗೆ ಹಾಕಿಕೊಳ್ಳುವ ಹೆಂಗಸರನ್ನು ನಾನೂ ನೋಡಿದ್ದೇನೆ. ನಮ್ಮಕ್ಕನೇ ಚಿನ್ನದಂಗಡಿಯ ಕುಲುಮೆಯ ಮಣ್ಣು ಕೆರೆದು ತಿಂದು ಅಪ್ಪನ ಹತ್ತಿರ ಬೈಸಿಕೊಂಡಿದ್ದಳು. ಟೀ ಲೋಟ ಕೆಳಗಿಟ್ಟು, ಗಂಟು ಬಿಚ್ಚಿ, ಗನ್ನು ಒತ್ತಿದೆ. ಅಂಕಿ ಮೇಲಕ್ಕೆ ಹೋಯಿತು.

ಮಾದಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. “ತಿಂದ್ರೆ ಏನಾಯ್ತದವ್ವ?” ಎಂದಳು. ಮೇಡಮ್ಮೋರೆ ಎನ್ನಲಿಲ್ಲ.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇದರಲ್ಲಿ ಸೀಸ ಇದೆ, ಆದರೆ ಇದು ದೇವರ ಗೂಡಿನಲ್ಲಿದ್ದ ಮಣ್ಣು, ಇದರ ಮೇಲೂ ದಿನಾ ಕುಂಕುಮ ಬಿದ್ದಿದೆ. ನೆಲದ ಸೀಸವೋ ಕುಂಕುಮದ ಸೀಸವೋ ನನಗೆ ಗೊತ್ತಿಲ್ಲ. ಯಾವುದಾದರೂ ಸರಿ, ಇನ್ನು ಮೇಲೆ ಮಗಳು ಇದನ್ನು ಮುಟ್ಟಬಾರದು, ನಾಳೆಯೇ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು, ನಾನೂ ಜೊತೆಗೆ ಬರುತ್ತೇನೆ. ಆ ನೆಲದಲ್ಲಿ ಏನಿದೆ ಎಂದು ತಿಳಿಯುವುದಕ್ಕೇ ನಾನು ನಿಮ್ಮ ಬಾಗಿಲಿಗೆ ಬಂದಿರುವುದು ಎಂದೆ.

ಮಾದಮ್ಮ ಮಗಳ ಹೊಟ್ಟೆಯ ಕಡೆ ನೋಡಿದಳು. ಗಂಟನ್ನು ಮತ್ತೆ ಕಟ್ಟಿ ನನ್ನ ಕೈಗೆ ಕೊಟ್ಟಳು.

“ನನ್ ಜಾಗ ಅಂತ ಮಡಗಿದ್ನಲ್ಲವ್ವ. ಮನೆ ಆಮೇಕಾಯ್ತದೆ. ಅದ್ಯಾವ್ ಕಾಗ್ದಕ್ಕೆ ಒತ್ಬೇಕು ತತ್ತಾ.”

ಹೆಬ್ಬೆಟ್ಟು ಒತ್ತಿದಳು. ಆಮೇಲೆ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಬೀದಿಗಿಳಿದಳು. ನನಗೆ ತೆರೆಯದ ಬಾಗಿಲುಗಳೆಲ್ಲ ಅವಳಿಗೆ ತೆರೆದವು. ಗೇಲಿ ಮಾಡಿದ್ದ ಗಂಡಸಿಗೆ ಅವಳು ಏನೆಂದಳೋ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನೂ ಸಹಿ ಹಾಕಿದ.

ಎರಡನೇ ಸಲ ಮಣ್ಣು ತೆಗೆಯುವಾಗ ಶಾಮಿಯಾನ ಇರಲಿಲ್ಲ, ಮೈಕೂ ಇರಲಿಲ್ಲ. ಹಳೇ ಗುಂಡಿಗಳಿಂದ ದೂರ ಹೊಸ ಗುರುತು ಮಾಡಿ, ಬೈರಿಗೆಯನ್ನು ಆಳಕ್ಕೆ ಇಳಿಸಿದೆವು. ಬೀದಿಯ ಹೆಂಗಸರು ಪೊರಕೆ ಹಿಡಿದು ಸುತ್ತ ನಿಂತಿದ್ದರು. ಒಳಗೆ ಒಂದು ನೊಣವೂ ಬರುವಂತಿರಲಿಲ್ಲ. ಅಧ್ಯಕ್ಷರ ಕಡೆಯವನೊಬ್ಬ ಏನೂ ಅರಿಯದವನ ಹಾಗೆ ಕುಂಕುಮದ ತಟ್ಟೆ ಹಿಡಿದು ಬಂದ. ಪೂಜೆ ಮಾಡದೆ ನೆಲ ಕೊರೆಯಬಾರದು ಎಂದು ಅವನ ವಾದ. ಮಾದಮ್ಮ ಪೊರಕೆಯನ್ನು ಅಡ್ಡ ಹಿಡಿದಳು.

“ಇವತ್ತು ದ್ಯಾವ್ರಿಗೆ ರಜ ಕಣ್ಲಾ. ನಾಳೀಕೆ ಬಾ, ಓಗು.”

ನಾನು ತಲೆ ತಗ್ಗಿಸಿ ಚೀಲಕ್ಕೆ ಮೊಹರು ಹಾಕುತ್ತಿದ್ದೆ, ನಗು ತಡೆಯಲಾಗಲಿಲ್ಲ. ಕೆಲಸ ಮುಗಿದ ಮೇಲೆ ಅವಳು ಬರಿಗೈಯಲ್ಲಿ ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಕೈಯನ್ನು ಸೆರಗಿಗೆ ಒರೆಸಲು ಹೋಗಿ ಅರ್ಧದಲ್ಲೇ ನಿಲ್ಲಿಸಿ, ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ತೊಳೆದುಕೊಂಡಳು.

ಈ ಸಲದ ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಗೇಟಿನ ಕಡೆ ಕಡಿಮೆ, ಕುಲುಮೆಯ ಕಡೆ ಹೋದಷ್ಟೂ ಹೆಚ್ಚು, ಆಳದಲ್ಲೂ ಸೀಸ. ಮಾದಮ್ಮನ ಒಲೆ ಬರಬೇಕಿದ್ದ ಜಾಗದ ಮಣ್ಣು ಎಲ್ಲಕ್ಕಿಂತ ಕೆಟ್ಟದ್ದು. ಸವಿತಳ ರಕ್ತದಲ್ಲೂ ಇರಬೇಕಾದದ್ದಕ್ಕಿಂತ ಜಾಸ್ತಿ ಇತ್ತು. ಸದ್ಯ ತಡವಾಗಿಲ್ಲ, ಆದರೆ ಹೆರಿಗೆಯವರೆಗೂ ಆಮೇಲೂ ಬಿಡದೆ ತೋರಿಸುತ್ತಿರಬೇಕು ಎಂದರು ಡಾಕ್ಟರು. ಮಗು ಸ್ವಲ್ಪ ಸಣ್ಣದಾಗಿ ಹುಟ್ಟಿತು. ಹೆಣ್ಣು. ಈಗಲೂ ಅದನ್ನು ಆಗಾಗ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಫಲಿತಾಂಶವನ್ನು ಮಾದಮ್ಮನಿಗೆ ನಾನೇ ಹೋಗಿ ಹೇಳಿದೆ. ಪತ್ರದಲ್ಲಿ ಕಳಿಸುವಂಥದ್ದಲ್ಲ ಅದು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಗುಡಿಸುತ್ತಿದ್ದಳು. ಕೇಳಿಸಿಕೊಂಡಳು, ಪೊರಕೆಯ ಮೇಲೆ ಎರಡೂ ಕೈ ಊರಿದಳು. ಸರಿ ಬುಡವ್ವ ಎಂದಳು. ಆಮೇಲೆ ಮತ್ತೆ ಗುಡಿಸತೊಡಗಿದಳು. ನಾನು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು. ನನ್ನ ಅಂಕಿ ಸರಿಯಾಗಿತ್ತು, ಅವಳ ಮನೆ ಹೋಗಿತ್ತು.

ಬ್ಯಾಟರಿ ಕಾಂಪೌಂಡಿಗೆ ಬೇಲಿ ಬಿತ್ತು. ಅದನ್ನು ಶುದ್ಧ ಮಾಡಿಸುವ ಹಣ ಇನ್ನೂ ಬಂದಿಲ್ಲ, ಬರುವವರೆಗೆ ಕೇಳುತ್ತಲೇ ಇರಬೇಕು. ಬೇರೆ ಕಡೆ ಜಾಗ ಕೊಡುತ್ತೇವೆ ಎಂದು ಪುರಸಭೆಯವರು ಹೇಳಿದರು. ಅವರು ಜಾಗ ಹುಡುಕುತ್ತಿರುವಾಗಲೇ ನಾನು ನಿವೃತ್ತಳಾದೆ.

ಇವತ್ತು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ಮಾದಮ್ಮ. ಸೆರಗಿನೊಳಗೆ ಸ್ಟೀಲಿನ ಊಟದ ಡಬ್ಬಿ. ನೀರು ಕುಡಿದು, ಸುಧಾರಿಸಿಕೊಂಡು, ನಡೆದದ್ದನ್ನು ಹೇಳಿದಳು. ಊರಾಚೆ ಹೊಸ ಜಾಗ ಗೊತ್ತಾಗಿದೆಯಂತೆ. ಮೊದಲು ಅಲ್ಲಿ ಯಾವುದೋ ಷೆಡ್ಡು ಇತ್ತಂತೆ, ಏನು ಮಾಡುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಸಮಾರಂಭ ಮಾಡಿ ಹಕ್ಕುಪತ್ರ ಕೊಡಲು ಮೊದಲು ಇವಳ ಹೆಸರನ್ನೇ ಕೂಗಿದರಂತೆ. ಇವಳು ವೇದಿಕೆ ಹತ್ತಿದಳು, ಕೈ ಮಾತ್ರ ಚಾಚಲಿಲ್ಲ. ಮಣ್ಣು ನೋಡ್ಸಿದೀರಾ ಸ್ವಾಮಿ ಎಂದು ಮೈಕಿನ ಮುಂದೆಯೇ ಕೇಳಿದಳು. ಅಧ್ಯಕ್ಷರು ಆಮೇಲೆ ಮಾತಾಡೋಣ, ಮೊದಲು ತಗೋ ಎಂದರು. ಇವಳು ಇಳಿದು ಬಂದಳು. ಅವಳ ಹಿಂದೆ ಕೂಗಿದ ಯಾವ ಹೆಸರಿನವರೂ ವೇದಿಕೆ ಹತ್ತಲಿಲ್ಲ. ಪುರಸಭೆಯವರು ತೆಪ್ಪಗೆ ಪರೀಕ್ಷೆಯ ಹಣಕ್ಕೆ ಅರ್ಜಿ ಹಾಕಿದರು, ಹಣವೂ ಮಂಜೂರಾಯಿತು. ಒಬ್ಬರ ಹಟಕ್ಕೂ ಒಂದು ಬೀದಿಯ ಹಟಕ್ಕೂ ಇರುವ ವ್ಯತ್ಯಾಸ ಅದು. ನಾನು ಬೆಂಗಳೂರಿಗೆ ಅಲೆದು ಚಪ್ಪಲಿ ಸವೆಸಿದ್ದೇ ಬಂತು.

ಕಥೆ ಮುಗಿಸಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು. ತುಂಬ ಮಣ್ಣು.

“ಕುಂಕುಮ ಮುಟ್ಸಿಲ್ಲ ಕಣವ್ವ. ಡಬ್ಬಿ ಸೋಪಾಕಿ ತೊಳ್ದು, ಒಣುಗ್ಸಿ ತುಂಬಿವ್ನಿ.”

ಹೀಗೆ ಡಬ್ಬಿಯಲ್ಲಿ ತಂದ ಮಣ್ಣು ಲೆಕ್ಕಕ್ಕೆ ಬರುವುದಿಲ್ಲ, ನೆಲ ಇದ್ದ ಕಡೆಯೇ ಹೋಗಿ ತೆಗೆಯಬೇಕು ಎಂದೆ. ನಾನು ರಿಟೈರ್ ಆದವಳು, ನನಗೀಗ ಯಾವ ಅಧಿಕಾರವೂ ಇಲ್ಲ, ಈ ಕೆಲಸ ಹೋದ ತಿಂಗಳು ನನ್ನ ಮನೆಗೆ ಬಂದಿದ್ದ ಇಬ್ಬರು ಹೊಸ ಹುಡುಗಿಯರ ಪಾಲಿಗೆ ಬಿದ್ದಿದೆ, ಅವರು ನಾಳೆ ಅಲ್ಲಿಗೆ ಬರುತ್ತಾರೆ ಎಂದೂ ಹೇಳಿದೆ. ಮಾದಮ್ಮ ಡಬ್ಬಿಯ ಮುಚ್ಚಳ ಹಾಕುತ್ತಾ, ಅದು ಗೊತ್ತು ಕಣವ್ವ ಎಂದಳು.

“ಆ ಉಡ್ಗೀರು ಬರ್ಲಿ. ಮೂಲೇಲಿ ಕುಂತು ನೋಡೋಕೆ ನೀನೂ ಬರ್ಬೇಕು. ಈ ಸತಿ ನನ್ ಮೊಮ್ಮಗ್ಳು ಅಲ್ಲೇ ಆಡೋದು.”

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಅಟ್ಟದಿಂದ ನನ್ನ ಬೂಟು ಇಳಿಸಿದೆ. ಜೇಡರ ಬಲೆ ಕಟ್ಟಿತ್ತು, ಕೊಡವಿದೆ. ಆ ಹುಡುಗಿಯರಿಗೆ ಫೋನು ಮಾಡಿದೆ. ಬರೆದಷ್ಟನ್ನು ಅವರಿಗೆ ಮೊದಲೇ ಕಳಿಸಿದ್ದೆ. ನಾಳೆ ಎಲ್ಲಿಗೆ ಹೋಗುವುದು, ಬೈರಿಗೆ ಯಾರು ತರುವುದು, ಶಾಮಿಯಾನ ಕಂಡರೆ ಏನು ಮಾಡಬೇಕು, ಎಲ್ಲವನ್ನೂ ಅವರೇ ಒಂದೇ ಉಸಿರಿಗೆ ಹೇಳಿದರು. ಅದೆಲ್ಲ ಸರಿ, ಬೂಟು ತಗೊಂಡ್ರಾ ಎಂದು ಕೇಳಿದೆ. ತಗೊಂಡಿದ್ದರು.